ಮನಸ್ಸಿನ ಮಳೆ ನಿಲ್ಲುವ ತನಕ ಕಾಯಬೇಕೇ?

(ಆತಂಕ ಮತ್ತು ಗೀಳು ರೋಗದಿಂದ ಚೇತರಿಸಿಕೊಳ್ಳುವಾಗ ಕಾಡುವ ದಿನನಿತ್ಯದ ಮಂಕನ್ನು ಕುರಿತು ನಮ್ಮ ಸದಸ್ಯರೊಬ್ಬರ ಅನುಭವ)

ಬೋರ್ಡೋ ದ್ರಾವಣ ತಯಾರಿಸುವ ಕ್ರಮವನ್ನು ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಹದ ಸರಿಯಾಗಿದೆಯೇ ಎಂದು ತಿಳಿಯಲು ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಕೂರದಿದ್ದರೆ ಹೊಡೆಯಲು ಸಿದ್ಧ. ಒಂದು ಸಲ, ಹೆಚ್ಚೆಂದರೆ ಎರಡು ಸಲ ನೋಡಿದರೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ ಒಂದು ಜೂನ್ ತಿಂಗಳ ಬೆಳಿಗ್ಗೆ ನಾನು ಒಂದೇ ಡ್ರಮ್ಮಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಚಾಕು ಅದ್ದಿದೆ. ಅಲಗು ಬೆಳ್ಳಗೇ ಇತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಮನಸ್ಸು ಮಾತ್ರ ಒಪ್ಪಲಿಲ್ಲ. ಮರದ ಮೇಲಿದ್ದ ಕೊನೆಗಾರ ಎರಡು ಬಾರಿ ಕೂಗಿ, ಕೊನೆಗೆ ಕೆಳಗಿಳಿದು ಬಂದು ನನ್ನ ಮುಖ ನೋಡಿದ. ಅವನು ಏನೂ ಅನ್ನಲಿಲ್ಲ. ಆ ನೋಟದಿಂದ ನನಗಾದ ನಾಚಿಕೆ ಈಗಲೂ ನೆನಪಿದೆ. ಆ ದಿನ ಬಿಸಿಲು ಇತ್ತು, ಮರುದಿನ ಮಳೆ ಹಿಡಿಯಿತು. ಅರ್ಧ ತೋಟಕ್ಕೆ ಔಷಧಿ ಬೀಳಲಿಲ್ಲ. ಆ ವರ್ಷ ಆ ಅರ್ಧಕ್ಕೆ ಕೊಳೆ ಬಂತು.

ಈ ಲೇಖನ ಬರೆಯಲು ಕಾರಣ ಆ ನಷ್ಟವಲ್ಲ. ರೋಗಕ್ಕೆ ಔಷಧವಿದೆ, ಅದು ಸಿಕ್ಕಿತು, ಹತೋಟಿಗೂ ಬಂತು. ಆದರೆ ಹತೋಟಿಗೆ ಬಂದ ಮೇಲೆಯೂ ಪ್ರತಿದಿನ ಬಂದು ಕೂರುವ ಒಂದು ಮಂಕು ಇದೆ. ಅದರ ವಿಷಯ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಗುಣವಾಗುತ್ತಿರುವವರು ಅದಕ್ಕೆ ಹೆದರಿ ‘ನನಗೆ ಏನೂ ನಾಟಲಿಲ್ಲ’ ಎಂದು ಮಾತ್ರೆ ಬಿಟ್ಟು ಮತ್ತೆ ಮೊದಲಿನ ಗುಂಡಿಗೆ ಬೀಳುತ್ತಾರೆ. ನಾನೂ ಒಮ್ಮೆ ಬೀಳುವುದರಲ್ಲಿದ್ದೆ.

ಗೀಳು ಎಂದರೇನು?

ಬೇಡವೆಂದರೂ ಮತ್ತೆ ಮತ್ತೆ ನುಗ್ಗುವ ಆಲೋಚನೆ, ಅದು ಹುಟ್ಟಿಸುವ ಭಯ, ಆ ಭಯವನ್ನು ತಣಿಸಲು ಮಾಡಲೇಬೇಕೆನಿಸುವ ಒಂದು ಕ್ರಿಯೆ — ಇವು ಸೇರಿ ಗೀಳು ರೋಗ. ಪೇಟೆಯವರು ಓಸಿಡಿ ಎನ್ನುತ್ತಾರೆ. ಕ್ರಿಯೆ ಮಾಡಿದ ಕೂಡಲೇ ಸ್ವಲ್ಪ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ರೋಗಕ್ಕೆ ಗೊಬ್ಬರ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ.

ನನ್ನ ವಿಷಯದಲ್ಲಿ ಚಾಕುವಿನ ಜೊತೆಗೆ ಇನ್ನೆರಡು ಇದ್ದವು. ಮೈಲುತುತ್ತ ಮುಟ್ಟಿದ ಕೈಯಿಂದ ಮಗುವಿನ ಅನ್ನಕ್ಕೆ ವಿಷ ಹೋದೀತೆಂದು ಕೈ ಒಡೆದು ರಕ್ತ ಬರುವವರೆಗೆ ಸೋಪು ಹಾಕಿ ತೊಳೆಯುತ್ತಿದ್ದೆ. ಪಂಪ್‌ಸೆಟ್ಟಿನ ಸ್ವಿಚ್ಚು ಆರಿಸಿದ್ದೇನೆಯೇ ಎಂದು ರಾತ್ರಿ ಬ್ಯಾಟರಿ ಹಿಡಿದು ಕೆರೆಯ ದಂಡೆಗೆ ನಾಲ್ಕು ಸಲ ಹೋಗಿಬರುತ್ತಿದ್ದೆ. ನಮ್ಮ ಕಡೆ ಇದಕ್ಕೆ ಬೇರೆ ಬೇರೆ ಹೆಸರುಗಳು. ಹೆಂಗಸರಾದರೆ ‘ಮಡಿ ಜಾಸ್ತಿ’, ಗಂಡಸರಾದರೆ ‘ಅನುಮಾನದ ಪ್ರಾಣಿ’. ಹೀಗೆ ಹೆಸರಿಟ್ಟು ನಗುವುದರಿಂದ ರೋಗ ಬಚ್ಚಿಟ್ಟುಕೊಳ್ಳುತ್ತದೆ.

ಇದು ಅಪರೂಪದ ರೋಗವೇನೂ ಅಲ್ಲ. 2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಎಂಟು ಮಂದಿಗೆ ಗೀಳು ಇತ್ತು. ಅಂದರೆ ಸಾವಿರ ಸದಸ್ಯರಿರುವ ಒಂದು ಸಹಕಾರ ಸಂಘದಲ್ಲಿ ಎಂಟು ಮನೆ. ಆತಂಕ, ಖಿನ್ನತೆ ಇರುವವರು ಇದಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ಹೇಳಿತು.

ಯಶವಂತಪುರದ ನಾಲ್ಕು ತಿಂಗಳು

ಊರ ಕಡೆ ಹರಕೆ, ಶಾಸ್ತ್ರ ಎಲ್ಲ ಆಯಿತು. ಒಬ್ಬ ವೈದ್ಯರು ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಕೊನೆಗೆ ಯಶವಂತಪುರದಲ್ಲಿರುವ ನನ್ನ ಅಕ್ಕ ಫೋನು ಮಾಡಿ, “ಕಾಫಿ ಕೊಯ್ಲು ಮುಗಿದ ಕೂಡಲೇ ಹೊರಟು ಬಾ ತಮ್ಮಾ, ಇನ್ನು ಅಲ್ಲಿ ಇರಬೇಡ” ಎಂದಳು. ಫೆಬ್ರವರಿಯಲ್ಲಿ ರಾತ್ರಿ ಬಸ್ಸು ಹತ್ತಿದೆ. ತುಮಕೂರು ರಸ್ತೆಯಲ್ಲಿ ಬರುವ ನಮ್ಮ ಕಡೆಯ ಬಸ್ಸುಗಳು ಬೆಳಗಿನ ಜಾವ ಯಶವಂತಪುರದಲ್ಲಿ ಇಳಿಸುವುದು ತಮಗೆಲ್ಲ ಗೊತ್ತೇ ಇದೆ. ಅಲ್ಲಿಂದ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋಗಿಬರಲು ಅನುಕೂಲ.

ಆ ಸಂಸ್ಥೆಯ ಬಗ್ಗೆ ಎರಡು ಮಾತು. 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾನಸಿಕ ರೋಗಿಗಳ ಆಸ್ಪತ್ರೆಯೇ ಅದರ ಮೂಲ. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಗೀಳು ರೋಗಕ್ಕೆಂದೇ ಅಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ‘ಹುಚ್ಚಾಸ್ಪತ್ರೆ’ ಎಂದು ಹೆದರಿಕೊಂಡು ಹೋದ ನನಗೆ ಕಂಡದ್ದು ಚೀಟಿ ಹಿಡಿದು ಸರದಿಯಲ್ಲಿ ಕೂತ ನಮ್ಮ ನಿಮ್ಮಂಥ ಜನ. ಮೇಷ್ಟರು, ಡ್ರೈವರು, ಮದುವೆಗೆ ಬಂದ ಹುಡುಗಿ, ಮೊಮ್ಮಗನ ಕೈ ಹಿಡಿದ ಅಜ್ಜಿ.

ಚಿಕಿತ್ಸೆ ಎರಡು ಬಗೆ. ಒಂದು ಮಾತ್ರೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನೇ ಗೀಳಿಗೂ ಕೊಡುತ್ತಾರೆ. ಪ್ರಮಾಣ ಸಾಮಾನ್ಯವಾಗಿ ಹೆಚ್ಚು, ಪರಿಣಾಮ ಕಾಣಲು 8ರಿಂದ 12 ವಾರ ಬೇಕು. ಇವು ಚಟ ಹಿಡಿಸುವ ನಿದ್ದೆಮಾತ್ರೆಗಳಲ್ಲ. ಇನ್ನೊಂದು ಅಭ್ಯಾಸ. ಭಯ ಹುಟ್ಟಿಸುವುದನ್ನು ಬೇಕೆಂದೇ ಎದುರಿಸಿ, ತೊಳೆಯದೆ, ಮತ್ತೆ ನೋಡದೆ, ಭಯ ತಾನಾಗಿ ಇಳಿಯುವವರೆಗೆ ತಡೆದುಕೊಳ್ಳುವುದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬುವರು ಇಬ್ಬರು ರೋಗಿಗಳಲ್ಲಿ ಇದನ್ನು ಮಾಡಿ ತೋರಿಸಿದ ಮೇಲೆ ಇದು ಜಗತ್ತಿನಲ್ಲೆಲ್ಲ ಬಳಕೆಗೆ ಬಂತು.

ಆಸ್ಪತ್ರೆಯಲ್ಲಿ ಕಲಿತದ್ದನ್ನು ಅಭ್ಯಾಸ ಮಾಡಿಸಿದವರು ನನ್ನ ಭಾವ. ಅವರು ಯಶವಂತಪುರದ ಮಾರುಕಟ್ಟೆ ಯಾರ್ಡಿನ ಈರುಳ್ಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. “ಮನೆಯಲ್ಲಿ ಕೂತು ಗೋಡೆ ನೋಡಬೇಡ, ನನ್ನ ಜೊತೆ ಬಾ ಮಾರಾಯ” ಎಂದು ಕರೆದುಕೊಂಡು ಹೋದರು. ಲಾರಿಯಿಂದ ಇಳಿಯುವ ಮೂಟೆ ಎಣಿಸುವ ಕೆಲಸ ಕೊಟ್ಟರು. ಒಂದು ಸಲ ಎಣಿಸಿ ಬರೆದೆ, ಮತ್ತೆ ಎಣಿಸಲು ಎದ್ದೆ. ಅವರು ಪೆನ್ಸಿಲು ಕಿತ್ತುಕೊಂಡು, “ಒಂದೇ ಸಲ. ತಪ್ಪಿದರೆ ತಪ್ಪಲಿ, ನಾನಿದ್ದೇನೆ” ಎಂದರು. ಎದೆ ಡವಗುಟ್ಟಿತು, ಅಂಗೈ ಬೆವತಿತು. ಅರ್ಧ ಗಂಟೆಯ ಮೇಲೆ ತಾನಾಗಿ ಇಳಿಯಿತು. ಹತ್ತನೆಯ ದಿನವೋ ಏನೋ, ನಿಜವಾಗಿಯೇ ಒಂದು ಮೂಟೆ ಲೆಕ್ಕ ತಪ್ಪಿತು. ನಾನು ಬೆವರುತ್ತ ನಿಂತಿದ್ದರೆ ಹಮಾಲನೊಬ್ಬ, “ಅಲ್ಲೈತಲ್ಲ ಸ್ವಾಮಿ ಕಂಬದ ಹಿಂದೆ. ಅದಕ್ಕ್ಯಾಕೆ ಮುಖ ಹಂಗೆ ಮಾಡ್ತೀರಿ?” ಎಂದು ನಕ್ಕು ಹೋದ. ಲೋಕ ಮುಳುಗಲಿಲ್ಲ. ನನ್ನ ಚೇತರಿಕೆಯ ಲೆಕ್ಕವನ್ನು ನಾನು ಆ ದಿನದಿಂದ ಹಿಡಿಯುತ್ತೇನೆ.

ಹಾಗಾದರೆ ಮಂಕು ಏಕೆ?

ಏಪ್ರಿಲ್ ಹೊತ್ತಿಗೆ ಕೈ ತೊಳೆಯುವುದು ಹದಕ್ಕೆ ಬಂತು. ಎಲ್ಲರಿಗೂ ಸಂತೋಷ. ಆದರೆ ಅದೇ ದಿನಗಳಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗತೊಡಗಿತು. ರೈಲಿನ ಸದ್ದು, ಲಾರಿಗಳ ಸದ್ದು. ಎದೆಯ ಮೇಲೆ ಒದ್ದೆ ಗೋಣಿ ಹೊದಿಸಿದ ಹಾಗೆ ಭಾರ. ಯಾವ ಭಯವೂ ಇಲ್ಲ, ಯಾವ ಆಸೆಯೂ ಇಲ್ಲ. ಹತ್ತು ಗಂಟೆಯ ಮೇಲೆ ಸ್ವಲ್ಪ ಹಗುರ, ಸಂಜೆಗೆ ಬಹುಪಾಲು ಸರಿ. ಮರುದಿನ ಮತ್ತೆ ಅದೇ. ರೋಗ ವೇಷ ಬದಲಿಸಿ ಬಂತೆಂದೇ ನಂಬಿದೆ.

ವೈದ್ಯರು ಬಿಡಿಸಿ ಹೇಳಿದ ಮೇಲೆ ಕಾರಣಗಳು ತಿಳಿದವು. ಗೀಳು ಇರುವವರಲ್ಲಿ ಖಿನ್ನತೆ ಜೊತೆಗೂಡುವುದು ಬಹಳ ಸಾಮಾನ್ಯ. ವರ್ಷಗಟ್ಟಲೆ ಭಯದಲ್ಲಿ ದುಡಿದ ದೇಹ ಸೋತಿರುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ನುಂಗುತ್ತಿದ್ದ ಕ್ರಿಯೆಗಳು ನಿಂತಾಗ ಆ ಜಾಗ ಬರಿದಾಗುತ್ತದೆ. ಕಣ್ಣು ತೆರೆದ ಮೇಲೆ, ಕಳೆದುಹೋದ ವರ್ಷಗಳು, ಆದ ಸಾಲ, ಹೆಂಡತಿ ಮಕ್ಕಳು ಪಟ್ಟ ಪಾಡು ಎದುರಿಗೆ ಬಂದು ನಿಲ್ಲುತ್ತವೆ. ಕೆಲವರಿಗೆ ಮಾತ್ರೆಯಿಂದಲೇ ಮಂಪರು ಅಥವಾ ಮರಗಟ್ಟಿದ ಭಾವ ಬರುವುದುಂಟು. ಥೈರಾಯ್ಡ್ ದೋಷ, ರಕ್ತಹೀನತೆ, ಬಿ12 ಕೊರತೆಗಳೂ ಹೀಗೆಯೇ ಕಾಣಿಸಿಕೊಳ್ಳಬಹುದು. ಆದ್ದರಿಂದ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಚಾಕು ಅದ್ದುವ ಹಳೆಯ ಚಟ

ನಾನು ಮಾಡುತ್ತಿದ್ದ ತಪ್ಪೊಂದನ್ನು ಹೇಳಲೇಬೇಕು. ಕಣ್ಣು ಬಿಟ್ಟ ತಕ್ಷಣ ‘ಇವತ್ತು ಮನಸ್ಸು ಹೇಗಿದೆ?’ ಎಂದು ನೋಡುತ್ತಿದ್ದೆ. ಹಲ್ಲುಜ್ಜುವಾಗ ನೋಡುತ್ತಿದ್ದೆ, ಕಾಫಿ ಕುಡಿದು ನೋಡುತ್ತಿದ್ದೆ. ಊರಿನಿಂದ ಹೆಂಡತಿ ದಿನಾ ಫೋನು ಮಾಡಿ, “ಇವತ್ತು ಹೇಗಿದೀರಿ?” ಎಂದು ಕೇಳಿದಾಗ ಉತ್ತರ ಹೇಳಲು ಮತ್ತೊಮ್ಮೆ ನೋಡುತ್ತಿದ್ದೆ. ಇದನ್ನು ಕೇಳಿದ ಆಪ್ತಸಮಾಲೋಚಕರು, ಇದೂ ಚಾಕು ಅದ್ದುವುದೇ ಅಲ್ಲವೇ ಎಂದರು. ದ್ರಾವಣ ಬಿಟ್ಟು ಈಗ ಮನಸ್ಸಿಗೆ ಅದ್ದುತ್ತಿದ್ದೀರಿ, ಅಷ್ಟೇ.

ನಾನು ಬೆರಗಾದೆ. ಮಂಕು ಬಂದಿದೆಯೇ ಎಂದು ಹುಡುಕುವವನಿಗೆ ಅದು ಸಿಕ್ಕೇ ಸಿಗುತ್ತದೆ. ಹುಡುಕುವುದನ್ನು ಬಿಟ್ಟವನಿಗೂ ಬರುತ್ತದೆ, ಆದರೆ ಬಂದು ತನ್ನ ಪಾಡಿಗೆ ಹೋಗುತ್ತದೆ. ಅಂದಿನಿಂದ ಹೆಂಡತಿಗೆ ಒಂದು ಮಾತು ಹೇಳಿದೆ. “ಹೇಗಿದೀರಿ ಅಂತ ದಿನಾ ಕೇಳಬೇಡ. ಇವತ್ತು ಏನು ಕೆಲಸ ಮಾಡಿದಿರಿ ಅಂತ ಕೇಳು.” ಆ ಒಂದು ಪ್ರಶ್ನೆ ಬದಲಾದದ್ದರಿಂದ ಆದ ಉಪಕಾರ ಕಡಿಮೆಯದಲ್ಲ.

ಜಪಾನಿನಲ್ಲಿ ಮೊರಿತಾ ಎಂಬ ವೈದ್ಯರು 1919ರ ಸುಮಾರಿಗೇ ಆತಂಕ ಮತ್ತು ಗೀಳಿನ ರೋಗಿಗಳಿಗೆ ಇದೇ ದಾರಿ ತೋರಿಸಿದ್ದರು. ಕೆಲವು ದಿನ ಪೂರ್ಣ ವಿಶ್ರಾಂತಿ, ಆಮೇಲೆ ಹಗುರ ಕೆಲಸ, ಅನಂತರ ತೋಟದ ಕೆಲಸದಂಥ ಮೈಮುರಿಯುವ ದುಡಿಮೆ. ಭಾವನೆಗಳನ್ನು ಸರಿಪಡಿಸಲು ಹೊರಡಬೇಡಿ, ಅವು ಹವಾಮಾನದಂತೆ ಬಂದು ಹೋಗುತ್ತವೆ. ಮಾಡಬೇಕಾದ ಕೆಲಸ ಮಾಡಿ ಎಂಬುದು ಅವರ ಕ್ರಮದ ಸಾರ. ಇದನ್ನು ಮಲೆನಾಡಿನವರಿಗೆ ಜಪಾನಿನವರು ಬಂದು ಹೇಳಬೇಕೇ? ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ನಿಲ್ಲಲಿ ಎಂದು ಜಗಲಿಯಲ್ಲಿ ಕಾದು ಕೂತರೆ ನಮ್ಮ ಯಾವ ಕೆಲಸ ನಡೆದೀತು? ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತೇವೆ. ಮಳೆ ಅದರ ಪಾಡಿಗೆ, ಕೆಲಸ ನಮ್ಮ ಪಾಡಿಗೆ.

ದಿನಚರಿಯಲ್ಲಿ ಪಾಲಿಸಿದ ಕ್ರಮ

ಮೇ ಕೊನೆಗೆ ಊರಿಗೆ ಬಂದೆ. ಮೊದಲ ಮಳೆಗಾಲ ಕಷ್ಟವಾಯಿತು. ಮೋಡ ಕವಿದು ಹಗಲೂ ಕತ್ತಲಾದ ದಿನಗಳಲ್ಲಿ ಮಂಕು ಹೆಚ್ಚು. ಆಗ ನನಗೆ ಉಪಯೋಗಕ್ಕೆ ಬಂದ ಕ್ರಮಗಳನ್ನು ಇಲ್ಲಿ ಕೊಟ್ಟಿದ್ದೇನೆ.

1. ಏಳುವ ಹೊತ್ತು ನಿಗದಿ. ನಿದ್ದೆ ಬಂದಿರಲಿ ಬಿಡಲಿ, ಆರು ಗಂಟೆಗೆ ಎದ್ದು ಮುಖ ತೊಳೆದು ಹೊರಗೆ ಬೆಳಕಿಗೆ ಬರುವುದು. ಹಾಸಿಗೆಯಲ್ಲಿ ಮಲಗಿ ಯೋಚಿಸುವುದು ಬೇಡ.

2. ಕೊನೆ ಕಾಣುವ ಒಂದು ಸಣ್ಣ ಕೆಲಸ. ‘ಇವತ್ತು ತೋಟ ಸುಧಾರಿಸುತ್ತೇನೆ’ ಎಂದಲ್ಲ. ‘ಇಪ್ಪತ್ತು ಗಿಡದ ಕಂಬಚಿಗುರು ತೆಗೆಯುತ್ತೇನೆ’ ಎಂದು. ತೀರಾ ಕೆಟ್ಟ ದಿನ ಐದು ಗಿಡ. ಸೊನ್ನೆ ಮಾತ್ರ ಬೇಡ. ಉತ್ಸಾಹ ಬಂದ ಮೇಲೆ ಕೆಲಸವಲ್ಲ, ಕೆಲಸದ ಬೆನ್ನಿಗೆ ಉತ್ಸಾಹ.

3. ಡೈರಿಯಲ್ಲಿ ಮಾಡಿದ ಕೆಲಸ ಬರೆಯುವುದು, ಮನಸ್ಸಿನ ಸ್ಥಿತಿಯನ್ನಲ್ಲ. ತಿಂಗಳ ಕೊನೆಗೆ ಪುಟ ತಿರುವಿದಾಗ, ಏನೂ ಮಾಡಲಿಲ್ಲ ಎಂದು ಮಂಕು ಹೇಳಿದ್ದು ಸುಳ್ಳೆಂದು ತಿಳಿಯುತ್ತದೆ.

4. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಕಾಫಿ ಬೆಳೆಗಾರನೇ ಹೀಗೆ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ! ಅತಿ ಕಾಫಿಯಿಂದ ಎದೆಬಡಿತ ಹೆಚ್ಚಿ, ನಿದ್ದೆ ಕೆಟ್ಟು, ಆತಂಕಕ್ಕೆ ನೆಪ ಸಿಗುತ್ತದೆ.

5. ಸಂಜೆಯ ಮದ್ಯ ಬೇಡವೇ ಬೇಡ. ಒಂದು ಗಂಟೆ ಹಗುರ ಮಾಡಿ ಮರುದಿನದ ಬೆಳಿಗ್ಗೆಯನ್ನು ಕೆಡಿಸುತ್ತದೆ. ಮಾತ್ರೆಯ ಜೊತೆ ಸೇರಿದರೆ ಅಪಾಯವೂ ಉಂಟು.

6. ದಿನಕ್ಕೆ ಮನೆಯ ಹೊರಗಿನ ಒಬ್ಬರೊಡನೆಯಾದರೂ ಮಾತು. ಸಂಘದ ಗೋದಾಮಿಗೆ ಹೋಗಿ ಧಾರಣೆ ಕೇಳಿ ಬಂದರೂ ಸಾಕು.

7. ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಲು ಹೇಳುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ. ಆಮೇಲೆ ರೋಗವೇ ಮರುಕಳಿಸಬಹುದು. ಮಂಪರು ಬಂದರೆ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಹೊತ್ತನ್ನೋ ಬದಲಿಸಿಕೊಡುತ್ತಾರೆ.

ಮನೆಯವರು ತಿಳಿಯಬೇಕಾದುದು

ಗೀಳು ಇದ್ದವರು “ಏನೂ ಆಗುವುದಿಲ್ಲ ತಾನೇ?” ಎಂದು ಕೇಳುತ್ತಲೇ ಇರುತ್ತಾರೆ. ಪ್ರೀತಿಯಿಂದ ಇಪ್ಪತ್ತು ಸಲ “ಏನೂ ಆಗಲ್ಲ” ಎನ್ನುವುದೂ ರೋಗಕ್ಕೆ ಉಣಿಸುವುದೇ. ಒಮ್ಮೆ ಉತ್ತರ ಹೇಳಿ, ಆಮೇಲೆ ಮೆತ್ತಗೆ ಬೇರೆ ಕೆಲಸಕ್ಕೆ ಕರೆಯಬೇಕು. ಅವರ ಪರವಾಗಿ ತಾವೇ ಬಾಗಿಲು, ಸ್ವಿಚ್ಚು ನೋಡಿಬರುವುದನ್ನು ವೈದ್ಯರ ಸಲಹೆಯಂತೆ ಕ್ರಮೇಣ ಕಡಿಮೆ ಮಾಡಬೇಕು. ಮಂಕು ಕವಿದ ದಿನ “ನಿನಗೇನು ಕಡಿಮೆಯಾಗಿದೆ?” ಎಂಬ ಮಾತು ಬೇಡ. “ಬಾ, ಹತ್ತು ಗಿಡ ಇಬ್ಬರೂ ನೋಡಿಕೊಂಡು ಬರೋಣ” ಎಂದರೆ ಸಾಕು.

ಎಚ್ಚರಿಕೆಯ ಗಂಟೆ

ಮೇಲೆ ಹೇಳಿದ್ದು ಬಂದು ಹೋಗುವ ಮಂಕಿನ ವಿಷಯ. ಎರಡು ವಾರ ಬಿಡದೆ, ದಿನದ ಹೆಚ್ಚು ಹೊತ್ತು ಮಂಕು ಉಳಿದರೆ, ಊಟ ನಿದ್ದೆ ಕೆಟ್ಟರೆ, ಯಾವುದರಲ್ಲೂ ರುಚಿ ಉಳಿಯದಿದ್ದರೆ, ಅದು ಚಿಕಿತ್ಸೆ ಬೇಕಾದ ಖಿನ್ನತೆ. ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಿಗೆ ಬಂದರಂತೂ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬಾರದು. ಅವರನ್ನು ಒಂಟಿಯಾಗಿ ಬಿಡಬಾರದು. ನಮ್ಮ ಮನೆಗಳಲ್ಲಿ ಇನ್ನೊಂದು ಮುಖ್ಯ ಮುನ್ನೆಚ್ಚರಿಕೆ ಇದೆ. ಕೀಟನಾಶಕ, ಕಳೆನಾಶಕಗಳ ಡಬ್ಬಿಗಳು ಕೊಟ್ಟಿಗೆಯ ಮಾಡಿನಲ್ಲಿ ಕೈಗೆ ಸಿಗುವಂತೆ ಇರುತ್ತವೆ. ಅವನ್ನು ಬೀಗದಲ್ಲಿಟ್ಟು ಬೀಗದ ಕೈ ಬೇರೊಬ್ಬರ ಬಳಿ ಇರಲಿ. ನನ್ನ ಹೆಂಡತಿ ಯಾರೂ ಹೇಳದೆಯೇ ಇದನ್ನು ಮಾಡಿದ್ದಳು. ಬಹಳ ದಿನದ ಮೇಲೆ ಗೊತ್ತಾಗಿ ನಾನು ಸುಮ್ಮನೆ ಕೂತುಬಿಟ್ಟೆ.

ಸಹಾಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿಕೊಟ್ಟರು. ಅದೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಓದುವ ಆಸಕ್ತಿ ಇರುವವರಿಗೆ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ತಿಳಿಗನ್ನಡದಲ್ಲಿ ಬರೆದ ಅನೇಕ ಪುಸ್ತಕಗಳಿವೆ.

ಕೊನೆಯ ಮಾತು

ಈಗಲೂ ನನಗೆ ಮಂಕು ಬರುತ್ತದೆ. ವಾರಕ್ಕೊಂದು ದಿನ, ಕೆಲವೊಮ್ಮೆ ಎರಡು ದಿನ. ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅದು ಬಂದ ದಿನವೂ ದನಕ್ಕೆ ಹುಲ್ಲು ಬಿದ್ದಿರುತ್ತದೆ, ಡೈರಿಯಲ್ಲಿ ಒಂದು ಸಾಲು ಇರುತ್ತದೆ. ಕಳೆದ ಮುಂಗಾರಿಗೆ ಮೊದಲು ಬೋರ್ಡೋ ಬೆರೆಸಿ ಚಾಕು ಒಂದು ಸಲ ಅದ್ದಿದೆ. ಅಲಗು ಬೆಳ್ಳಗಿತ್ತು. ಇನ್ನೊಮ್ಮೆ ನೋಡೆಂದು ಮನಸ್ಸು ಹೇಳಿತು. ಚಾಕುವನ್ನು ಕೊನೆಗಾರನ ಕೈಗೆ ಕೊಟ್ಟು, “ಹತ್ತಪ್ಪ, ಹೊಡೆಯೋಣ” ಎಂದೆ. ಕೈ ಸ್ವಲ್ಪ ನಡುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ತೋಟ ಮುಗಿಯಿತು.

ಸಾವಿರಕ್ಕೆ ಎಂಟು ಮಂದಿ ಎಂದೆನಲ್ಲ, ಅವರಲ್ಲಿ ಒಬ್ಬರು ಈ ಪುಟ ಓದುತ್ತಿರಬಹುದು. ಅವರಿಗೆ ನಾನು ಹೇಳುವುದಿಷ್ಟೇ: ನಾಚಿಕೊಳ್ಳಬೇಡಿ, ಮಾತ್ರೆ ಬಿಡಬೇಡಿ, ಮಳೆ ನಿಲ್ಲಲೆಂದು ಕಾಯಬೇಡಿ. ಕೊಪ್ಪೆ ಹಾಕಿಕೊಂಡು ತೋಟಕ್ಕೆ ಇಳಿಯಿರಿ. ಐದು ಗಿಡವಾದರೂ ಸರಿ.

— ಒಬ್ಬ ಸದಸ್ಯ